ಮೊಟ್ಟೆಕೇರಿ ಒಕ್ಕೂಟ ಬಿಟ್ಟದ್ದು

ಸಂಗತಿಗಳು ನಡೆದ ಕ್ರಮ ಹೀಗಿದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ಮರುವರ್ಷ ಪುತ್ತರಿ ಹಬ್ಬ ಕಳೆದ ಮೇಲೆ ಅಕ್ಕಪಕ್ಕದ ನಾಲ್ಕು ಊರುಗಳು ಕೂಡಿ ಕಿತ್ತಳೆ ಒಕ್ಕೂಟ ಕಟ್ಟಿಕೊಂಡವು. ಅದಾಗಿ ಎರಡು ವರ್ಷಕ್ಕೆ ಒಕ್ಕೂಟಕ್ಕೆ ಒಂದು ಬಳೆ ಬಂತು. ಬಳೆ ಬಂದ ದಿನವೇ ಕಲ್ಲುಮೊಟ್ಟೆ ಬೋಜಪ್ಪನಿಗೆ ಸಿಟ್ಟು ಬಂತು. ಆ ಸಿಟ್ಟಿನಿಂದ ಮುಂದಿನ ಮಳೆಗಾಲವಿಡೀ ಚರ್ಚೆ ನಡೆಯಿತು. ಕೈಲ್‌ಪೊಳ್ದು ಹಬ್ಬ ಮುಗಿದ ಮೇಲೆ ಮತ, ತುಲಾ ಸಂಕ್ರಮಣಕ್ಕೆ ಮುಂಚೆ ಬೇರ್ಪಡೆ, ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಪರೀಕ್ಷೆ. ಇವುಗಳಲ್ಲಿ ಒಂದೂ ಹಿಂದುಮುಂದಾಗಲಿಲ್ಲ. ಹಿಂದುಮುಂದಾದದ್ದು ಊರಿನವರ ಬುದ್ಧಿ ಮಾತ್ರ.

ಬಳೆಯೆಂದರೆ ಕೈಗೆ ತೊಡುವ ಬಳೆಯಲ್ಲ. ಹಲಗೆಗೆ ಬಡಿದ ಕಬ್ಬಿಣದ ಉಂಗುರ. ಕಿತ್ತಳೆಯನ್ನು ಅದರ ಮೇಲಿಟ್ಟಾಗ ನಿಂತರೆ ಮೊದಲನೆಯ ದರ್ಜೆ. ಅಂಥ ಹಣ್ಣು ಒಣಹುಲ್ಲಿನ ಹಾಸಿಗೆಯ ಮೇಲೆ ಬಿದಿರ ಬುಟ್ಟಿಯಲ್ಲಿ ಕೂತು, ಒಕ್ಕೂಟದ ಲಾರಿಯೇರಿ, ಮೈಸೂರಿನ ಮಂಡಿಗೆ ಹೋಗುತ್ತದೆ. ಉಂಗುರದ ಒಳಗಿಂದ ಜಾರಿ ಕೆಳಗಿನ ತಗಡಿನ ಬಕೇಟಿಗೆ ಬಿದ್ದರೆ ಎರಡನೆಯ ದರ್ಜೆ. ಅದು ಗೋಣಿಯಲ್ಲಿ ತುಂಬಿಸಿಕೊಂಡು ಶರಬತ್ತಿನವನ ಪಾಲಾಗುತ್ತದೆ. ಮಂಡಿಯ ಸಾಹುಕಾರರು ಗಾತ್ರ ನೋಡಿಯೇ ಹಣ್ಣು ಕೊಳ್ಳುವವರಾದ್ದರಿಂದ ಒಕ್ಕೂಟದ ಅಧ್ಯಕ್ಷ ಹೆಗ್ಗುಂಡಿ ಉತ್ತಯ್ಯ ಈ ಏರ್ಪಾಡು ಮಾಡಿಸಿದ್ದ.

ಹೆಗ್ಗುಂಡಿ ಹೊಳೆಯ ಬದಿಯ ಊರು. ಅಲ್ಲಿನ ಮೆಕ್ಕಲುಮಣ್ಣಿನಲ್ಲಿ ಕಿತ್ತಳೆ ಮುಷ್ಟಿಗಿಂತ ದೊಡ್ಡದಾಗಿ ಬರುತ್ತದೆ. ಮೊಟ್ಟೆಕೇರಿ ಬೆಟ್ಟದ ಮೇಲಿನ ಊರು. ಅದರಲ್ಲೂ ಬೋಜಪ್ಪನ ಮನೆಯಿದ್ದ ಕಲ್ಲುಮೊಟ್ಟೆಯಲ್ಲಿ ಗುದ್ದಲಿ ಹಾಕಿದರೆ ಮಣ್ಣಿಗಿಂತ ಮೊದಲು ಕಿಡಿ ಏಳುತ್ತಿತ್ತು. ಆದರೂ ಅಲ್ಲೊಂದು ಕಿತ್ತಳೆ ತೋಟವಿತ್ತು. ಬೋಜಪ್ಪ ಮದುವೆಯಾದ ವರ್ಷ, ಹೆಂಡತಿ ತಂಗಮ್ಮನ ತವರಿನಿಂದ ಒಂದು ಬುಟ್ಟಿ ಕಿತ್ತಳೆ ಬಂದಿತ್ತು. ಹೊಸ ಗಂಡಹೆಂಡಿರು ಮನೆಯ ಮೆಟ್ಟಿಲ ಮೇಲೆ ಕೂತು ಅದನ್ನು ತಿಂದರು. ಬೀಜಗಳನ್ನು ಬೋಜಪ್ಪ ಬೂದಿಯಲ್ಲಿ ಹೊರಳಿಸಿ, ಸಸಿ ಮಾಡಿ, ಕಲ್ಲು ಕಿತ್ತು ನೆಟ್ಟ. ಹಣ್ಣು ಸಣ್ಣದಾಯಿತು, ಸಿಪ್ಪೆ ತೆಳುವಾಯಿತು, ರಸ ಜೇನಾಯಿತು. ಬೋಜಪ್ಪನ ದೃಷ್ಟಿಯಲ್ಲಿ ಅದು ಹಣ್ಣಿನ ತೋಟವಲ್ಲ, ತನ್ನ ಸಂಸಾರದ ಸಾಕ್ಷಿಪತ್ರ.

ಆ ಸಾಕ್ಷಿ ನಾಲ್ಕೂರ ಜನರ ಎದುರು ಬಕೇಟಿಗೆ ಬಿತ್ತು. ಬಳೆಯನ್ನು ಮೊದಲು ಪರೀಕ್ಷಿಸಿದ ದಿನ ಬೋಜಪ್ಪ ಹೆಮ್ಮೆಯಿಂದ ತನ್ನ ಹಣ್ಣನ್ನೇ ಮುಂದೆ ಮಾಡಿದ್ದ. ಒಂದಾದ ಮೇಲೊಂದು ಹಣ್ಣು ಡಬ್ ಡಬ್ ಎಂದು ತಗಡಿಗೆ ಬಡಿದವು. ಉತ್ತಯ್ಯ ಕೊನೆಯದನ್ನು ಎತ್ತಿ ಬೆಳಕಿಗೆ ಹಿಡಿದು, “ಬಾವ, ಇದು ಕಿತ್ತಳೆಯಾ, ಗಜ್ಜುಗವಾ?” ಎಂದು ಕೇಳಿದ. ಉತ್ತಯ್ಯ ತಂಗಮ್ಮನ ಸ್ವಂತ ಅಣ್ಣ. ಬಾವಂದಿರು ಒಬ್ಬರನ್ನೊಬ್ಬರು ಹಾಸ್ಯ ಮಾಡುವುದು ಆ ಸೀಮೆಯಲ್ಲಿ ಮರ್ಯಾದೆಯ ಗುರುತು. ಜನ ಆ ಮರ್ಯಾದೆಯನ್ನು ಹೊಟ್ಟೆ ಹಿಡಿದುಕೊಂಡು ಅನುಭವಿಸಿದರು. ಬೋಜಪ್ಪ ಮಾತ್ರ ಬುಟ್ಟಿಯನ್ನು ಹೆಗಲಿಗೇರಿಸಿ, ಒಕ್ಕೂಟದ ಸಭೆಯಲ್ಲಿ ತನಗಾಗಿ ಇಟ್ಟಿದ್ದ ಬೆತ್ತದ ಕುರ್ಚಿಯ ಕಡೆಗೆ ತಿರುಗಿಯೂ ನೋಡದೆ ಮನೆಗೆ ನಡೆದ.

“ನಿನ್ನ ಅಣ್ಣ ನಿನಗೆ ಅವಮಾನ ಮಾಡ್ದ,” ಎಂದ, ಮನೆಗೆ ಬಂದು.

ತಂಗಮ್ಮ ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡಳು. “ನಂಗೆಂತ ಅವಮಾನ? ಬಳೆಯೊಳಗೆ ಬಿದ್ದದ್ದು ನಾನಲ್ಲ.”

“ಬೀಜ ನಿನ್ನ ತವರಿಂದು.”

“ಕಲ್ಲು ನಿಮ್ಮದಲ್ವಾ?” ಎಂದಳು ಅವಳು.

ಆ ರಾತ್ರಿಯಿಂದ ಬೋಜಪ್ಪನಿಗೆ ಒಂದೇ ಗುರಿ: ಕಲ್ಲುಮೊಟ್ಟೆಯ ಹಣ್ಣು ಮೊದಲನೆಯ ದರ್ಜೆಯೆಂದು ನಾಲ್ಕು ಜನರ ಮುಂದೆ ಓದಿಸಿಕೊಳ್ಳಬೇಕು. ಬಳೆಯನ್ನು ಒಂದು ಎಳೆಯಷ್ಟು ಕಿರಿದು ಮಾಡಿ ಎಂದು ಒಕ್ಕೂಟವನ್ನು ಕೇಳಿದ. ಒಕ್ಕೂಟ ಅದನ್ನು ಮುಂದಿನ ಸಭೆಗೆ ಮುಂದೂಡಿತು, ಮುಂದಿನ ಸಭೆ ಅದರ ಮುಂದಿನದಕ್ಕೆ. ಕಡೆಗೆ ಅವನು ತನ್ನ ಹಣ್ಣಿನ ಮಾತನ್ನು ಬಿಟ್ಟು ಊರಿನ ಮಾತನ್ನೆತ್ತಿದ. ಸ್ವಂತ ಹುಣ್ಣಿಗೆ ಊರಿನ ಹೆಸರಿನಲ್ಲಿ ಮುಲಾಮು ಕೇಳುವುದು ಸಾರ್ವಜನಿಕ ಜೀವನದ ಮೊದಲ ಪಾಠ. ಬೋಜಪ್ಪ ಅದನ್ನು ಯಾರೂ ಹೇಳಿಕೊಡದೆ ಕಲಿತಿದ್ದ. ಮೊಟ್ಟೆಕೇರಿ ಒಕ್ಕೂಟವನ್ನು ಬಿಡಬೇಕು, ತನ್ನ ಹಣ್ಣಿಗೆ ತಾನೇ ದರ್ಜೆ ಕೊಟ್ಟುಕೊಳ್ಳಬೇಕು ಎಂದು ಅವನು ಸಾರಿದಾಗ ಜೋರಾಗಿ ಮಳೆ ಹಿಡಿದಿತ್ತು. ಗದ್ದೆಯ ಕೆಲಸ ಮುಗಿದವರು ರಾಮಮ್ಮನ ಕಾಫಿ ಹೋಟೆಲಿನ ಒಲೆಯ ಸುತ್ತ ಕೂತು, ಮಾತಾಡಲು ವಿಷಯವಿಲ್ಲದೆ ಬಳಲುತ್ತಿದ್ದರು.

ವಿಷಯ ಸಿಕ್ಕಿತು. ಬಿಡಬೇಕೆನ್ನುವವರು ಒಲೆಯ ಬಲಕ್ಕೆ, ಇರಬೇಕೆನ್ನುವವರು ಎಡಕ್ಕೆ ಕೂತರು. ಎರಡೂ ಕಡೆಯವರನ್ನು ಹತೋಟಿಯಲ್ಲಿಡಲು ಶಾಲೆಯ ಮೇಷ್ಟರಾದ ನಾಗೇಶ್ವರಯ್ಯನವರನ್ನು ಕರೆತಂದರು. ಅವರು ಶಾಲೆಯ ಕರಿಹಲಗೆಯನ್ನೇ ಹೊರಿಸಿಕೊಂಡು ಬಂದು, ನಡುವೆ ಒಂದು ಗೆರೆ ಎಳೆದು, ಎಡಗಡೆ ‘ಲಾಭ’ ಎಂದೂ ಬಲಗಡೆ ‘ನಷ್ಟ’ ಎಂದೂ ಬರೆದರು. ಮೊದಲ ವಾರ ಮುಗಿಯುವಷ್ಟರಲ್ಲಿ ಒಂದು ವಿಚಿತ್ರ ಕಂಡುಬಂತು. ಲಾರಿ ಎರಡೂ ಕಡೆ ಇತ್ತು. ಬಳೆ ಎರಡೂ ಕಡೆ ಇತ್ತು. ಹೊಸದಾಗಿ ಬಂದಿದ್ದ ಕಿಲೋ ತೂಕವೂ ಎರಡೂ ಕಡೆ ಇತ್ತು. ಒಕ್ಕೂಟ ಬಿಟ್ಟರೆ ಕಿಲೋ ಹೋಗಿ ಸೇರು ವಾಪಸು ಬರುತ್ತದೆ ಎಂದು ಬಲಗಡೆಯವರು ಸಂತೋಷಪಟ್ಟರೆ, ಅದೇ ಭಯದಿಂದ ಎಡಗಡೆಯವರು ನಿದ್ದೆಗೆಟ್ಟರು. ಕಿಲೋವನ್ನು ತಂದದ್ದು ಒಕ್ಕೂಟವಲ್ಲ, ಸರಕಾರ ಎಂದು ಮೇಷ್ಟರು ಹೇಳಿದ್ದನ್ನು ಎರಡೂ ಕಡೆಯವರು ಗೌರವದಿಂದ ಕೇಳಿ ಮರೆತರು.

ಬಲಗಡೆಯ ವಾದಗಳು ದಿನಕ್ಕೊಂದರಂತೆ ಬೆಳೆದವು. ಒಕ್ಕೂಟಕ್ಕೆ ಕಟ್ಟುವ ವಂತಿಗೆಯನ್ನು ಊರಿನಲ್ಲೇ ಉಳಿಸಿದರೆ ವಾರಕ್ಕೊಂದು ಸೇತುವೆ ಕಟ್ಟಬಹುದು ಎಂದು ಯಾರೋ ಎತ್ತಿನ ಗಾಡಿಯ ಪಕ್ಕಕ್ಕೆ ಸುಣ್ಣದಲ್ಲಿ ಬರೆದರು. ಊರಿನಲ್ಲಿದ್ದದ್ದು ಒಂದೇ ತೋಡು. ಅದಕ್ಕೆ ಎರಡನೆಯ ವಾರ ಏನು ಕಟ್ಟಬೇಕೆಂದು ಗಾಡಿ ಹೇಳಲಿಲ್ಲ. ಗೆಣಸು ಕೆದಕುವ ಕಾಡುಹಂದಿಗಳೆಲ್ಲ ಹೆಗ್ಗುಂಡಿಯ ಕಡೆಯಿಂದ ಬರುವುದರಿಂದ, ಒಕ್ಕೂಟ ಬಿಟ್ಟ ಮೇಲೆ ಅವು ಗಡಿಯಲ್ಲೇ ನಿಲ್ಲುತ್ತವೆ ಎಂಬುದು ಇನ್ನೊಂದು. ಎಡಗಡೆಯವರೂ ಕಡಮೆಯಿರಲಿಲ್ಲ. ಬಿಟ್ಟ ಮರುದಿನವೇ ಸೀಮೆಎಣ್ಣೆ ಸಿಗುವುದಿಲ್ಲ, ಹೆಣ್ಣು ಸಿಗುವುದಿಲ್ಲ, ಕಿತ್ತಳೆ ಗಿಡಗಳಿಗೆ ಬೇಸರದಿಂದಲೇ ರೋಗ ಬರುತ್ತದೆ ಎಂದು ಅವರು ಹೆದರಿಸಿದರು. ನಾಲ್ಕೂ ಊರುಗಳಿಗೆ ಸೇರಿ ಇದ್ದದ್ದು ಒಂದು ಲಾರಿ, ಅದೂ ಏರಿನಲ್ಲಿ ನೂಕಿಸಿಕೊಳ್ಳುವ ಲಾರಿ ಎಂಬುದನ್ನು ಕೇಳಿದರೆ ಹೊರಗಿನವರು ನಂಬುತ್ತಿರಲಿಲ್ಲ.

ಬೋಜಪ್ಪನ ದೊಡ್ಡ ಅಸ್ತ್ರ ಬೇರೆ ಇತ್ತು. ಅದು ಕಲ್ಲು.

ಕೊಡಗಿನ ಮದುವೆಗಳಲ್ಲಿ ಸಂಬಂಧ ಅಡಕುವುದು ಎಂಬ ಶಾಸ್ತ್ರವುಂಟು. ಎರಡೂ ಮನೆಯ ಅರುವರು, ಎಂದರೆ ಮನೆತನದ ಪರವಾಗಿ ಮಾತು ಕೊಡುವ ಹಿರಿಯರು, ದೀಪದ ಮುಂದೆ ಎದುರುಬದುರು ನಿಲ್ಲುತ್ತಾರೆ. ಹೆಣ್ಣಿನ ಹಕ್ಕುಗಳಿಗೆ ಗುರುತಾಗಿ ಹನ್ನೆರಡು ಹರಳುಕಲ್ಲು. ಹನ್ನೊಂದು ಗಂಡನ ಮನೆಗೆ ಸಲ್ಲುತ್ತವೆ. ಒಂದು ತವರಿನಲ್ಲಿ ಉಳಿಯುತ್ತದೆ. ಏನೇ ಆದರೂ ಹೆಣ್ಣಿಗೆ ಹಿಂದೆ ಒಂದು ಬಾಗಿಲು ತೆರೆದಿದೆ ಎಂಬುದು ಅದರ ಅರ್ಥ. ಒಕ್ಕೂಟ ಹುಟ್ಟಿದಾಗ ಛಾಪಾಕಾಗದದ ಮೇಲೆ ಕರಾರು ಬರೆಯೋಣವೆಂದು ಮೇಷ್ಟರು ಹೇಳಿದ್ದರು. ನೆಂಟರ ನಡುವೆ ಕಾಗದವೇ ಎಂದು ಹಿರಿಯರು ನೊಂದುಕೊಂಡರು. ಆಗ ಮೊಟ್ಟೆಕೇರಿಯನ್ನು ಹೆಣ್ಣೆಂದು ತಿಳಿದು, ಒಕ್ಕೂಟದ ಪರವಾಗಿ ಹೆಗ್ಗುಂಡಿಯನ್ನು ಗಂಡಿನ ಮನೆಯೆಂದು ತಿಳಿದು, ಹನ್ನೊಂದು ಕಲ್ಲು ಕೊಟ್ಟು ಒಂದನ್ನು ಉಳಿಸಿಕೊಂಡರು. ಅದು ಬೋಜಪ್ಪನ ಮನೆಯ ತೂಗುದೀಪದ ಬಳಿಯ ಗೂಡಿನಲ್ಲಿತ್ತು. ಮದುವೆಯಲ್ಲಾದರೆ ಆ ಒಂದು ಕಲ್ಲು ಏನೆಂದು ಮಕ್ಕಳಿಗೂ ಗೊತ್ತು. ಊರು ಊರಿಗೆ ಕಲ್ಲು ಕೊಟ್ಟಾಗ ಯಾವ ಕಲ್ಲಿಗೆ ಯಾವ ಹಕ್ಕು ಎಂದು ಹೇಳುವುದನ್ನು ಎಲ್ಲರೂ ಮರೆತಿದ್ದರು.

ಉಳಿಸಿಕೊಂಡ ಕಲ್ಲು ತೋಡಿನ ಮೀನಿನದು ಎಂದು ಕೆಲವರು, ಬೇಟೆಯದು ಎಂದು ಕೆಲವರು ವಾದಿಸುತ್ತಿದ್ದಾಗ, ಅದು ಬಳೆಯದು ಎಂದು ಬೋಜಪ್ಪ ಹೇಳಿದ. ಹಣ್ಣಿಗೆ ದರ್ಜೆ ಕೊಡುವ ಹಕ್ಕನ್ನು ಮೊಟ್ಟೆಕೇರಿ ಎಂದೂ ಬಿಟ್ಟುಕೊಟ್ಟಿಲ್ಲ. ಒಕ್ಕೂಟ ಅದನ್ನು ಕದ್ದಿದೆ.

“ಬೋಜಪ್ಪನವರೇ, ಕಲ್ಲು ಕೊಟ್ಟಾಗ ಬಳೆಯೇ ಹುಟ್ಟಿರಲಿಲ್ಲವಲ್ಲ,” ಎಂದರು ಮೇಷ್ಟರು.

“ಹುಟ್ಟದ ಮಗುವಿಗೆ ಆಸ್ತೀಲಿ ಪಾಲಿಲ್ಲೆಯಾ ಮೇಷ್ಟ್ರೇ?” ಎಂದ ಬೋಜಪ್ಪ. ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟರು. ಹೋಟೆಲು ತಲೆದೂಗಿತು; ರಾಮಮ್ಮ ಬೋಜಪ್ಪನ ಕಾಫಿಗೆ ಇನ್ನೊಂದು ಉಂಡೆ ಬೆಲ್ಲ ಹಾಕಿದಳು. ಅಂದಿನಿಂದ ಅವನು ಊರಿನ ನಾಯಕ.

ಮತದ ದಿನ ದೇವಸ್ಥಾನದ ಅಂಗಳದಲ್ಲಿ ಊರಿನ ದೊಡ್ಡವರೆಲ್ಲ ನೆರೆದರು. ಚೀಟಿ, ಪೆಟ್ಟಿಗೆ ಏನೂ ಇರಲಿಲ್ಲ. ಬಿಡಬೇಕೆನ್ನುವವರು ದಾರಿಯ ಒಂದು ಬದಿಗೆ, ಇರಬೇಕೆನ್ನುವವರು ಇನ್ನೊಂದು ಬದಿಗೆ ನಿಲ್ಲಬೇಕು, ಮೇಷ್ಟರು ಎಣಿಸಬೇಕು. ಮಳೆ ಬಿಟ್ಟು ಬಿಸಿಲು ಸುಡುತ್ತಿತ್ತು. ಬಿಡುವವರ ಬದಿಯಲ್ಲಿ ಹಳೆಯದೊಂದು ಹಲಸಿನ ಮರವಿತ್ತು; ಇರುವವರ ಬದಿಯಲ್ಲಿ ಬಯಲು ಮಾತ್ರ. ಮೇಷ್ಟರು ಕ್ರಮಬದ್ಧ ಮನುಷ್ಯರಾದ್ದರಿಂದ ಮೂರು ಸಲ ಎಣಿಸಿದರು. ಮೂರನೆಯ ಎಣಿಕೆಯ ಹೊತ್ತಿಗೆ ವಯಸ್ಸಾದವರು, ಕಂಕುಳಲ್ಲಿ ಮಗುವಿದ್ದವರು, ತಲೆನೋವಿನವರು ಒಬ್ಬೊಬ್ಬರಾಗಿ ನೆರಳಿಗೆ ಸರಿದಿದ್ದರು. ಮೊಟ್ಟೆಕೇರಿ ಒಕ್ಕೂಟವನ್ನು ಬಿಡತಕ್ಕದ್ದೆಂದು ತೀರ್ಮಾನವಾಯಿತು. ಹಲಸಿನ ಮರದ ಕೆಳಗೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನಿಂತಿದ್ದ ತಂಗಮ್ಮನನ್ನು ಕಂಡು ಬೋಜಪ್ಪನ ಕಣ್ಣು ಒದ್ದೆಯಾಯಿತು.

“ನೀನೂ ನಮ್ಮ ಕಡೆಗೇ ನಿಂತೆ.”

“ಬಿಸಿಲು ಎಷ್ಟು ಉಟ್ಟು, ನೋಡಿ,” ಎಂದಳು ತಂಗಮ್ಮ.

ಬಿಡುವುದೆಂದರೆ ಹೇಗೆ ಬಿಡುವುದು ಎಂಬ ಪ್ರಶ್ನೆ ಮತವಾದ ಮೇಲೆ ಎದ್ದಿತು. ಮೊದಲೇ ಏಳಬೇಕಿತ್ತು ಎಂದು ಮೇಷ್ಟರು ಅಂದದ್ದನ್ನು ಯಾರೂ ಹಚ್ಚಿಕೊಳ್ಳಲಿಲ್ಲ. ಕಲ್ಲಿನಿಂದ ಕಟ್ಟಿದ್ದನ್ನು ಕಲ್ಲಿನಿಂದಲೇ ಬಿಚ್ಚಬೇಕು, ಗಂಡನ ಮನೆಯವರು ಹನ್ನೊಂದನ್ನೂ ದೀಪದ ಮುಂದೆ ಹಿಂತಿರುಗಿಸಬೇಕು ಎಂದು ಹಿರಿಯರು ನಿರ್ಣಯಿಸಿದರು. ಹೆಗ್ಗುಂಡಿಗೆ ಹೇಳಿಕಳುಹಿಸಿದಾಗ ಅಲ್ಲಿ ಗಡಿಬಿಡಿ ಎದ್ದಿತು. ಹನ್ನೊಂದು ಕಲ್ಲುಗಳಲ್ಲಿ ಕೆಲವು ಲಾರಿಯ ಚಕ್ರಕ್ಕೆ ಅಡ್ಡ ಕೊಡಲು ಹೋಗಿ ಕಾಣೆಯಾಗಿದ್ದವು. ಹೊಳೆಯಿಂದ ಹೊಸ ಕಲ್ಲು ಆರಿಸಿ ಭರ್ತಿ ಮಾಡಿದರು. ಬದಲಿ ಕಲ್ಲಿಗೆ ಅಸಲು ಹಕ್ಕು ಸಲ್ಲುತ್ತದೆಯೇ ಎಂದು ಮೊಟ್ಟೆಕೇರಿಯಲ್ಲಿ ಎರಡು ಸಭೆ ನಡೆದು, ಸಲ್ಲುತ್ತದೆ ಎಂದಾಯಿತು. ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವ ಅವಸರ ಎಲ್ಲರಿಗೂ ಇತ್ತು.

ಬೋಜಪ್ಪನ ಮನೆಯ ನಡುಮನೆಯಲ್ಲಿ ದೀಪ ಹಚ್ಚಿದರು. ಮೊಟ್ಟೆಕೇರಿಯ ಅರುವನಾಗಿ ಬೋಜಪ್ಪ ಪೂರ್ವಕ್ಕೆ ಮುಖ ಮಾಡಿ ನಿಂತ. ಎದುರಿಗೆ ಒಕ್ಕೂಟದ ಅರುವನಾಗಿ ಉತ್ತಯ್ಯ. ತಂಗಮ್ಮ ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಉತ್ತಯ್ಯ ಕಲ್ಲುಗಳನ್ನು ಒಂದೊಂದಾಗಿ ಬೋಜಪ್ಪನ ಹೆಗಲವಸ್ತ್ರದ ಸೆರಗಿಗೆ ಹಾಕುತ್ತ ಹೋಗಿ, ಹತ್ತನೆಯದು ಬಿದ್ದ ಮೇಲೆ ಕೈ ಮುಚ್ಚಿದ.

“ಇನ್ನೊಂದು?” ಎಂದ ಬೋಜಪ್ಪ.

“ಕೊಟ್ಟಾಗ ನೀವು ಒಂದು ಇಟ್ಕೊಂಡಿದ್ರಿ. ಬಿಡುವಾಗ ನಾವೂ ಒಂದು ಇಟ್ಕೊಂಡವೆ. ಎಲ್ಲಾ ಕೊಟ್ಟರೆ ನಮಗೂ ನಿಮಗೂ ಎಂತದೂ ಇಲ್ಲೆಂತ ಆಗುಟ್ಟಲ್ಲ ಬಾವ? ನನ್ನ ತಂಗಿ ಈ ಮನೇಲಿ ಉಟ್ಟು. ಬೊತ್ತು ಅಂತ ಹೇಳಿದರೆ ಹೇಳಿ, ಇದನ್ನೂ ಹಾಕ್ತೆ.”

 ಬೊತ್ತು, ಬೇಡ ಎಂದರೆ ಹೆಂಡತಿಗೆ ತವರಿಲ್ಲ ಎಂದು ದೀಪದ ಮುಂದೆ ತನ್ನ ಬಾಯಿಂದಲೇ ಹೇಳಿದಂತೆ. ಬೋಜಪ್ಪ ಒಳಬಾಗಿಲ ಕಡೆ ನೋಡಿದ. ತಂಗಮ್ಮ ಅವನನ್ನೇ ನೋಡುತ್ತಿದ್ದಳು. ಮೂಲೆಯಲ್ಲಿ ಮೇಷ್ಟರು ಬೆರಳು ಮಡಿಸಿ ಲೆಕ್ಕ ಹಾಕಿದರು: ಬಂದದ್ದು ಹತ್ತು, ಗೂಡಿನಲ್ಲಿರುವುದು ಒಂದು, ಅಲ್ಲಿ ಉಳಿಯುವುದು ಒಂದು, ಒಟ್ಟು ಹನ್ನೆರಡು. ಲೆಕ್ಕ ಸರಿಯಾಗಿದೆ ಎಂದು ಅವರು ಗಟ್ಟಿಯಾಗಿ ಘೋಷಿಸಿದರು. ಲೆಕ್ಕ ಸರಿಯಾದಲ್ಲಿ ವಿಷಯವೂ ಸರಿಯಾಗಿರುತ್ತದೆ ಎಂಬುದು ಅವರ ಬಹುಕಾಲದ ನಂಬಿಕೆ.

“ಒಪ್ಪಿಗೆ,” ಎಂದ ಬೋಜಪ್ಪ.

ಎಲ್ಲರೂ ಊಟಕ್ಕೆ ಕೂತರು. ಹಂದಿ ಪದಾರ್ಥ, ಕಡುಬು, ಮೇಲೆ ಕಿತ್ತಳೆ. ಬೇರ್ಪಡೆಯ ಔತಣದಲ್ಲಿ ಇಷ್ಟು ನಗು ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ನೆಂಟರು ಹೋದ ಮೇಲೆ ಎಲೆ ತೆಗೆಯುತ್ತಿದ್ದ ತಂಗಮ್ಮ ಕೇಳಿದಳು: “ಅಣ್ಣ ಇಟ್ಕೊಂಡದ್ದು ಯಾವ ಕಲ್ಲು ಅಂತ ಕೇಳ್ದ್ರಾ?”

ಬೋಜಪ್ಪ ಕೈ ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ.

ಅವಳ ಪ್ರಶ್ನೆಗೆ ಉತ್ತರ, ತುಲಾ ಸಂಕ್ರಮಣದ ತೀರ್ಥ ತಂದವರ ಜೊತೆಯಲ್ಲೇ ಬಂತು. ಒಕ್ಕೂಟ ತನ್ನ ಬಳಿ ಉಳಿಸಿಕೊಂಡ ಕಲ್ಲು ಬಳೆಯದು. ಮೊಟ್ಟೆಕೇರಿ ತನ್ನ ಮೀನು, ಬೇಟೆ, ದಾರಿ, ವಂತಿಗೆ ಎಲ್ಲವನ್ನೂ ಸುಖವಾಗಿ ಅನುಭವಿಸಬಹುದು. ಹಣ್ಣಿಗೆ ದರ್ಜೆ ಕೊಡುವ ಹಕ್ಕು ಮಾತ್ರ ಒಕ್ಕೂಟದ್ದು. ಉಳಿಸಿಕೊಂಡ ಕಲ್ಲು ಹುಟ್ಟದ ಬಳೆಗೂ ಸಲ್ಲುತ್ತದೆ ಎಂದು ಬಾವನವರೇ ರಾಮಮ್ಮನ ಹೋಟೆಲಿನಲ್ಲಿ ಸಾಧಿಸಿದ್ದರಿಂದ ತಾವು ಬೇರೆ ಕಾರಣ ಕೊಡಬೇಕಾಗಿಲ್ಲ ಎಂದೂ ಉತ್ತಯ್ಯ ಹೇಳಿಕಳುಹಿಸಿದ್ದ.

ಬೋಜಪ್ಪ ಊರು ಸೇರಿಸಿದ. ಲಾರಿ ಹೋಗುವ ದಾರಿ ಮೊಟ್ಟೆಕೇರಿಯ ಜಾಗದಲ್ಲಿದೆ, ಅದಕ್ಕೆ ಮರ ಅಡ್ಡ ಹಾಕೋಣ ಎಂದ. ನಮ್ಮ ಹಣ್ಣು ಹೋಗುವುದೂ ಅದೇ ಲಾರಿಯಲ್ಲಲ್ಲವೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಬೇರೆ ಗಾಡಿಯಲ್ಲಿ ನೇರವಾಗಿ ಮೈಸೂರಿಗೆ ಕಳಿಸೋಣ ಎಂದಾಗ ಮಂಡಿಗೆ ಹೋಗಿ ಬಂದಿದ್ದ ಪೊನ್ನಪ್ಪ ಎದ್ದು ನಿಂತ. ಒಕ್ಕೂಟದ ಬಳೆ ದಾಟಿದ ಗುರುತಿಲ್ಲದ ಬುಟ್ಟಿಯನ್ನು ಅಲ್ಲಿನ ಸಾಹುಕಾರರು ಬಿಚ್ಚಿ ನೋಡುವುದೂ ಇಲ್ಲವಂತೆ. ಮೊಟ್ಟೆಕೇರಿ ಈಗ ಸ್ವತಂತ್ರವೆಂದು ಪೊನ್ನಪ್ಪ ಅವರಿಗೆ ತಿಳಿಸಿದ್ದ; ಅವರು ಸಂತೋಷವೆಂದು ಹೇಳಿ, ಗುರುತು ಎಲ್ಲಿದೆ ಎಂದು ಕೇಳಿದ್ದರು.

ಹೀಗೆ ಬಳೆ ಇದ್ದಲ್ಲೇ ಇತ್ತು. ಬಳೆಯ ಗಾತ್ರ ನಿಶ್ಚಯಿಸುವ ಸಭೆಯಲ್ಲಿದ್ದ ಬೆತ್ತದ ಕುರ್ಚಿ ಮಾತ್ರ ಬೋಜಪ್ಪನದಾಗಿ ಉಳಿಯಲಿಲ್ಲ. ಅದರ ಮೇಲೆ ಈಗ ಹೆಗ್ಗುಂಡಿಯವರು ಖಾಲಿ ಗೋಣಿ ಒಟ್ಟಿದ್ದರು. ಒಮ್ಮೆ ಅವನು ಒಕ್ಕೂಟದ ಕಿಟಕಿಯ ಹೊರಗೆ ನಿಂತು ಒಳಗಿನ ಮಾತು ಕೇಳಿ ಬಂದ. ಬಳೆಯನ್ನು ಕೊಂಚ ಕಿರಿದು ಮಾಡುವ ಹಳೆಯ ಅರ್ಜಿ ಅಂದು ಚರ್ಚೆಗೆ ಬಂದಿತ್ತು. ಕೇಳಿದ ಊರು ಒಕ್ಕೂಟದಲ್ಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟರು.

ಸೋತೆವೆಂದು ಮೊಟ್ಟೆಕೇರಿ ಒಪ್ಪಲಿಲ್ಲ. ನಮ್ಮ ಹಣ್ಣು ಒಕ್ಕೂಟದ ಬಕೇಟಿಗೆ ಬೀಳುವುದನ್ನು ಪರವೂರಿನವರು ನೋಡಿ ನಗಬಾರದು. ಆದ್ದರಿಂದ ಅಲ್ಲಿಗೆ ಹೋಗುವ ಮುಂಚೆ ನಾವೇ ನಮ್ಮ ಊರಿನಲ್ಲಿ ಸ್ವಂತ ಬಳೆಯಲ್ಲಿ ಪರೀಕ್ಷಿಸಿ, ಅದರ ಮೇಲೆ ನಿಂತ ಹಣ್ಣನ್ನೇ ಕಳಿಸಬೇಕು ಎಂದು ಒಬ್ಬರು ಸೂಚಿಸಿದರು. ಸ್ವಂತ ಬಳೆ ಎಂಬ ಮಾತಿಗೆ ಸಭೆಯಲ್ಲಿ ವಿದ್ಯುತ್ತು ಹರಿಯಿತು. ಬೋಜಪ್ಪನ ಮುಖವೂ ಬೆಳಗಿತು: ಸ್ವಂತ ಬಳೆಯಾದರೆ ಗಾತ್ರವೂ ಸ್ವಂತ. ಹಣ್ಣು ಪರೀಕ್ಷಾ ಸಮಿತಿ ರಚನೆಯಾಯಿತು, ಬೋಜಪ್ಪ ಅದರ ಅಧ್ಯಕ್ಷನಾದ. ಆ ಉತ್ಸಾಹದಲ್ಲಿ ಅವನೇ ಎರಡು ನಿಯಮ ಹಾಕಿಸಿದ. ಪ್ರತಿ ವರ್ಷ ಮೊದಲು ಪರೀಕ್ಷಿಸುವುದು ಅಧ್ಯಕ್ಷರ ತೋಟದ ಹಣ್ಣನ್ನು. ಫಲಿತಾಂಶವನ್ನು ಅಧ್ಯಕ್ಷರೇ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ತನ್ನ ಧ್ವನಿ ದೇವಸ್ಥಾನದ ಅಂಗಳದಲ್ಲಿ ಹೇಗೆ ಕೇಳಿಸುತ್ತದೆಂದು ಅವನು ತೋಟದಲ್ಲಿ ಒಬ್ಬನೇ ಓದಿ ನೋಡಿಯೂ ಬಂದ.

ಆಮೇಲೆ ಗಾತ್ರದ ಮಾತು ಬಂತು. ಒಕ್ಕೂಟದ್ದಕ್ಕಿಂತ ಕೊಂಚ ಕಿರಿದಾಗಿರಲಿ ಎಂದು ಬೋಜಪ್ಪ ಮೆಲ್ಲಗೆ ಹೇಳಿದ. ಹಾಗಾದರೆ ಇಲ್ಲಿ ನಿಂತ ಹಣ್ಣು ಅಲ್ಲಿ ಬೀಳುತ್ತದೆ ಎಂದು ಮೇಷ್ಟರು ತೋರಿಸಿಕೊಟ್ಟರು. ಅಷ್ಟೇ ಇರಲಿ ಎಂದು ಪೊನ್ನಪ್ಪ ಹೇಳಿದ. ಇಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಗಾಡಿಗೆ ಸುಣ್ಣದಲ್ಲಿ ಸೇತುವೆ ಬರೆದಿದ್ದ ತಂಡ ಹಿಂದಿನಿಂದ ಎದ್ದು ನಿಂತಿತು. ಒಕ್ಕೂಟ ಬಿಟ್ಟು ಬಂದ ಊರಿನ ಬಳೆ ಒಕ್ಕೂಟದಷ್ಟೇ ಇದ್ದರೆ ಬಿಟ್ಟದ್ದು ಯಾತಕ್ಕೆ? ಸ್ವತಂತ್ರ ಮೊಟ್ಟೆಕೇರಿಯ ಬಳೆ ಹೆಗ್ಗುಂಡಿಯದಕ್ಕಿಂತ ಒಂದು ಎಳೆ ದೊಡ್ಡದಿರಬೇಕು. ನಮ್ಮ ಮೊದಲ ದರ್ಜೆ ಅವರ ಮೊದಲ ದರ್ಜೆಗಿಂತ ಮೊದಲಿರಬೇಕು. ಚಪ್ಪಾಳೆ ಬಿದ್ದಿತು. ನಾಯಕರಾಗಿ ಬೋಜಪ್ಪನವರೇ ಇದನ್ನು ಅನುಮೋದಿಸಬೇಕೆಂದು ಕೂಗಿದರು. ಮಳೆಗಾಲವಿಡೀ ಊರಿನ ಮಾನದ ಮಾತಾಡಿದವನಿಗೆ ಈಗ ಊರಿನ ಮಾನಕ್ಕೆ ಅಡ್ಡ ಬರಲು ಬಾಯಿ ಬರಲಿಲ್ಲ. ಅನುಮೋದಿಸಿದ.

ಕಮ್ಮಾರ ಬಳೆ ಬಡಿದುಕೊಟ್ಟ. ಅದಕ್ಕೆ ಅರಶಿನ ಕುಂಕುಮ ಹಚ್ಚಿದರು.

ಕಿತ್ತಳೆ ಹಣ್ಣಾಯಿತು. ಸೇತುವೆ ಆಗಿರಲಿಲ್ಲ, ಹಂದಿಗಳು ಎಂದಿನಂತೆ ಗಡಿ ದಾಟಿ ಬಂದು ಎರಡೂ ಪಕ್ಷದವರ ಗೆಣಸನ್ನು ಸಮವಾಗಿ ತಿಂದಿದ್ದವು. ಪರೀಕ್ಷೆಯ ದಿನ ಬೆಳಗ್ಗೆ ಬೋಜಪ್ಪ ತೋಟವನ್ನೆಲ್ಲ ಸುತ್ತಿ, ಮರಕ್ಕೊಂದೆರಡರಂತೆ ಇದ್ದದ್ದರಲ್ಲೇ ದಪ್ಪ ಹಣ್ಣುಗಳನ್ನು ತೊಟ್ಟಿನ ಸಮೇತ ಕೊಯ್ದು ಬುಟ್ಟಿ ತುಂಬಿದ. ತಂಗಮ್ಮ ಒಂದೊಂದನ್ನೂ ಸೆರಗಿನಿಂದ ಒರಸಿಕೊಟ್ಟಳು.  ಬುಟ್ಟಿಗೆ ತಾನೂ ಒಂದು ಕೈ ಕೊಟ್ಟು ದೇವಸ್ಥಾನದವರೆಗೆ ಬಂದಳು.

ಅಂಗಳದಲ್ಲಿ ಊರೆಲ್ಲ ಸೇರಿತ್ತು. ನೆಂಟನಾಗಿ ಉತ್ತಯ್ಯನೂ ಬಂದಿದ್ದ. ಅವನಿಗೆ ಹಲಸಿನ ಮರದ ಕೆಳಗೆ ಚಾಪೆ ಹಾಸಿದ್ದರು. ಮೇಷ್ಟರು ಮೊದಲನೆಯ ಹಣ್ಣನ್ನು ಎರಡು ಬೆರಳಿನಲ್ಲಿ ಹಿಡಿದು ಹೊಸ ಬಳೆಯ ಮೇಲೆ ಮೆತ್ತಗೆ ಇಟ್ಟರು. ಅದು ನಿಲ್ಲಲಿಲ್ಲ. ಎರಡನೆಯದು ಅಂಚಿಗೆ ತಾಗಿ ಕ್ಷಣಹೊತ್ತು ಯೋಚಿಸಿ ಬಿತ್ತು. ಮೊಟ್ಟೆಕೇರಿಯ ಬಕೇಟು ಹೊಸದಾದ್ದರಿಂದ ಸದ್ದು ಹೆಗ್ಗುಂಡಿಯದಕ್ಕಿಂತ ಸ್ಪಷ್ಟವಾಗಿತ್ತು. ಬುಟ್ಟಿ ಅರ್ಧವಾದಾಗ ಜನ ಬೇರೆ ಕಡೆ ನೋಡತೊಡಗಿದರು. ನಗಲು ಇದು ಪರವೂರಿನ ಬಳೆಯಾಗಿರಲಿಲ್ಲ. ಬೋಜಪ್ಪ ನಿಂತಲ್ಲೇ ನಿಂತಿದ್ದ.

ಉತ್ತಯ್ಯ ಎದ್ದು ಬಂದು, ಬಕೇಟಿನಿಂದ ಒಂದು ಹಣ್ಣು ತೆಗೆದು ಸುಲಿದು, ಎರಡು ತೊಳೆ ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ತಂಗಿಯ ಕೈಗಿಟ್ಟ.

“ಸಿಹಿ ಉಟ್ಟು ಬಾವ,” ಎಂದ. “ಇಷ್ಟು ಸಿಹಿ ನಮ್ಮಲ್ಲಿ ಇಲ್ಲೆ.”

ಬೋಜಪ್ಪ ಮೇಷ್ಟರ ಕಡೆ ತಿರುಗಿದ. “ಅದನ್ನ ಬರೀರಿ ಮೇಷ್ಟ್ರೇ. ಒಕ್ಕೂಟದ ಅಧ್ಯಕ್ಷರೇ ಹೇಳಿದ್ದಾರೆ.”

ನಾಗೇಶ್ವರಯ್ಯನವರು ಕನ್ನಡಕ ಸರಿಮಾಡಿಕೊಂಡು ಸಮಿತಿಯ ನಿಯಮಗಳನ್ನು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಒಮ್ಮೆ ಕೆಳಗಿನಿಂದ ಮೇಲಕ್ಕೆ. ಸಿಹಿಗೆ ಅಲ್ಲಿ ಜಾಗ ಇರಲಿಲ್ಲ. ಒಕ್ಕೂಟದ ನಿಯಮದಲ್ಲಿ ಇಲ್ಲದಿದ್ದರೆ ಅವರನ್ನು ದೂರಬಹುದಿತ್ತು. ಇದು ಮೊಟ್ಟೆಕೇರಿಯದೇ ನಿಯಮ. ತಮಗೆ ಅಧಿಕಾರವಿಲ್ಲವೆಂದು ಅವರು ನಿಜವಾದ ವ್ಯಥೆಯಿಂದ ಹೇಳಿ, ಫಲಿತಾಂಶವನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಕಾಗದವನ್ನು ಅಧ್ಯಕ್ಷನ ಕೈಗೆ ಕೊಟ್ಟರು.

ತಂಗಮ್ಮ ಕೈಯಲ್ಲಿದ್ದ ತೊಳೆಗಳನ್ನು ತಿನ್ನದೆ ಹಿಡಿದುಕೊಂಡು ನೋಡುತ್ತಿದ್ದಳು. ಬೋಜಪ್ಪ ಗಂಟಲು ಸರಿಮಾಡಿಕೊಂಡ. ನಿಯಮದಂತೆ ನೆಟ್ಟಗೆ ನಿಂತು, ಅಂಗಳದ ಕೊನೆಯವರಿಗೂ ಕೇಳಿಸುವಂತೆ ಓದಿದ:

“ಕಲ್ಲುಮೊಟ್ಟೆ ಬೋಜಪ್ಪನವರ ತೋಟದ ಕಿತ್ತಳೆ. ಪರೀಕ್ಷೆಗೆ ಇಟ್ಟ ಹಣ್ಣುಗಳಲ್ಲಿ ಬಳೆಯ ಮೇಲೆ ನಿಂತದ್ದು ಒಂದೂ ಇಲ್ಲ. ಎರಡನೆಯ ದರ್ಜೆ.”